ಡಬ್ಬದ ಮೇಲಿನ ನಾಲ್ಕು

ವಿಲ್ಸನ್ ಬೀದಿಯ ಗ್ಯಾಲರಿಯಲ್ಲಿ, ಎರಡನೇ ಮಹಡಿ,
ಮೆಟ್ಟಿಲ ತಿರುವಿಗೆ ಸಿಕ್ಕಿಸಿದಂತಿರುವ ನನ್ನ ಅಂಗಡಿಗೆ
ಮೂರು ಗಂಟೆಗೆ ಬಂದ ಆ ಹುಡುಗ,
ವಿಲ್ಬೆರ್ ಕೋರಿಮಾನ್ಯ, ಹದಿನಾಲ್ಕೋ ಹದಿನೈದೋ,
ಎದೆಗೆ ಒಂದು ಡಬ್ಬ ಅವಚಿಕೊಂಡು.
ಹೊರಗೆ ಲಿಮಾದ ಆಕಾಶ, ಎಂದಿನಂತೆ
ಹಿಂಡದೆ ಹರವಿದ ನೆಲವರೆಸುವ ಬಟ್ಟೆ.

ಡಬ್ಬದ ಮೇಲೆ ಬೆಂಕಿ ಕಾರುವ ಡ್ರ್ಯಾಗನ್.
ಡ್ರ್ಯಾಗನ್ನಿಗಿಂತ ದೊಡ್ಡದಾಗಿ: ನಾಲ್ಕು ಜಿಬಿ.

"ಆಟ ಕುಂಟುತ್ತೆ, ಸೆನ್ಯೋರಾ ನೇಲಿದಾ.
ಓಡುವವನು ಓಡಲ್ಲ,
ಇಲ್ಲಿ ನಿಂತು ಅಲ್ಲಿ ಹುಟ್ಟುತ್ತಾನೆ.
ನಾಲ್ಕಿದೆಯಲ್ಲ? ಪಕ್ಕದ ಮನೆಯವನದು ಒಂದೇ."

ಯಂತ್ರ ಅಣ್ಣನ ಕಾಲದ್ದು. ಕಾರ್ಡು ಮಾತ್ರ ತನ್ನದು,
ಬೇಸಿಗೆಯಿಡೀ ಆಲೂಗಡ್ಡೆ ಮೂಟೆ ಇಳಿಸಿದ ದುಡ್ಡು.
ಹೆಗಲು ನೋಡಿದೆ. ಸುಳ್ಳಲ್ಲ.

ನಾಲ್ಕು ಸ್ಕ್ರೂ ತೆಗೆದು ಫ್ಯಾನು ಬಿಚ್ಚಿದೆ,
ಒಣಗಿ ಸುಣ್ಣವಾದ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ.
ನಡುವೆ ಚಿಪ್ಪು, ಸುತ್ತ ಎಂಟು ಕರಿಯ ಬಿಲ್ಲೆ,
ಅಮ್ಮ ತಟ್ಟೆಯಂಚಿಗೆ ಜೋಡಿಸುತ್ತಿದ್ದ ಆಲಿವ್ ಹೋಳಿನಂತೆ.
ಬಿಲ್ಲೆಯ ಮೇಲೆ ಕೂದಲೆಳೆಯ ಅಕ್ಷರ, ಒಗಟಿನ ಸಂಖ್ಯೆ;
ಹದಿನೆಂಟು ವರ್ಷ ಓದಿ ನನಗದು ಬಾಯಿಪಾಠ.

"ಡಿಡಿಆರ್ ಮೂರು," ಎಂದೆ.
"ನೆರೆಯವನದು ಜಿಡಿಡಿಆರ್ ಐದಿರಬೇಕು.
ಹೆಸರು ಒಂದೇ, ಚಿಪ್ಪು ಒಂದೇ, ಡ್ರ್ಯಾಗನ್ನೂ ಒಂದೇ."

ಮುಖದಲ್ಲಿ ಏನೂ ಹತ್ತಿಕೊಳ್ಳಲಿಲ್ಲ.
ಕಿಟಕಿಗೆ ಕರೆದು ಕೆಳಗೆ ತೋರಿಸಿದೆ:
ಮೂಲೆಯಲ್ಲಿ ಎಮೆರಿತಾ ಪಿಕರೋನ್ ಕರಿಯುತ್ತಿದ್ದಳು.
ಕೈ ನೋಡು ಅವಳದು. ಹಿಟ್ಟು ಚಿಮ್ಮಿಸಿ, ಬೆರಳಲ್ಲಿ ತೂತು ಹಾಕಿ,
ಎಣ್ಣೆಗೆ ಬಿಟ್ಟು, ಕಡ್ಡಿಯಲ್ಲಿ ತಿರುವಿ,
ಕಣ್ಣು ಮಿಟುಕಿಸಿದರೆ ಒಂದು ಬಳೆ.
ಮನೆಯಲ್ಲಿ ನಾಲ್ಕು ಕೊಳಗ ಹಿಟ್ಟು ಕಲಸಿಟ್ಟಿದ್ದಾಳೆ ಅಂದುಕೊ.
ತರುವ ಮೊಮ್ಮಗ ಮಾತ್ರ ಒಂದೊಂದೇ ಸೌಟು ತರುತ್ತಾನೆ,
ಮೆಟ್ಟಿಲು ಹತ್ತಿ, ಇಳಿದು, ನಡುವೆ ನಾಯಿಯನ್ನು ಮಾತಾಡಿಸಿ.
ಎಣ್ಣೆ ಕಾದಿದೆ, ಕೈಯೂ ಕಾದಿದೆ;
ಒಂದು ಬಿಸಿಯಾಗಿ, ಒಂದು ಬರಿದಾಗಿ.
ಕೊಳಗದ ಲೆಕ್ಕ ಡಬ್ಬದ ಮೇಲೆ ಬರೆಯುತ್ತಾರೆ.
ಮೊಮ್ಮಗನ ಕಾಲಿನ ಲೆಕ್ಕ
ಬರೆದರೂ ತಳದಲ್ಲಿ, ಇರುವೆ ಸಾಲಿನಲ್ಲಿ.

"ಇದಕ್ಕೆ ನೆನಪು ಅಂತಾರಲ್ಲ?"
ಅಂತಾರೆ. ನೆನಪೇನಲ್ಲ.
ಕರೆಂಟು ಹೋದರೆ ತನ್ನ ಹೆಸರೂ ತಿಳಿಯದ್ದು.

ಡ್ರಾಯರಿನಿಂದ ಒಂದು ಜಿಬಿಯದು ತೆಗೆದೆ,
ಕೋಮಾಸಿನಲ್ಲಿ ಮುಚ್ಚಿದ ಇಂಟರ್ನೆಟ್ ಕ್ಯಾಬಿನ್ನಿನದು.
ಅಂಚಿಗೆ ತುಕ್ಕು. ಡಬ್ಬವಿಲ್ಲ.
ಬೆಂಚಿನ ಮುದಿ ಯಂತ್ರಕ್ಕೆ ಮೊದಲು ಅವನದನ್ನು ಹಾಕಿದೆ:
ಸೆಕೆಂಡಿಗೆ ಹದಿನೇಳು ಚಿತ್ರ.
ಆಮೇಲೆ ಇದನ್ನು: ಮೂವತ್ತೊಂದು.
ಸಿಪಾಯಿ ಗೋಡೆ ಹಾರಿ, ಹಾರಿದ ಕಡೆಯೇ ಇಳಿದ.

ಹುಡುಗ ನಗಲಿಲ್ಲ.
ಪರದೆ ಬಿಟ್ಟು ಡಬ್ಬ ನೋಡಿದ.
"ಹಾಗಾದರೆ ಈ ನಾಲ್ಕು?"

ಏನು ಹೇಳಲಿ.
ಕೋಮಾಸಿನ ಆ ಕ್ಯಾಬಿನ್ನಿಗೆ ಎದುರಾಗಿ
ನನ್ನ ಭಾವ ಎಲೆಉತೇರಿಯೋ ಇನ್ನೊಂದು ತೆರೆದಿದ್ದ.
ಹನ್ನೆರಡು ಯಂತ್ರ, ಹನ್ನೆರಡು ಡ್ರ್ಯಾಗನ್,
ಹನ್ನೆರಡನ್ನೂ ಮಾರಿದವಳು ನಾನು.
ಮಕ್ಕಳು ಒಬ್ಬೊಬ್ಬರೇ ರಸ್ತೆ ದಾಟಿದರು.
"ನಾಲ್ಕಿದೆಯಲ್ಲ ನಮ್ಮಲ್ಲಿ," ಎನ್ನುತ್ತಿದ್ದ ಭಾವ,
ಬಾಗಿಲಲ್ಲಿ ಕುರ್ಚಿ ಹಾಕಿ, ಇದೇ ಹುಡುಗನ ದನಿಯಲ್ಲಿ.
ಈಗ ಮೊಟೋಟ್ಯಾಕ್ಸಿ ಓಡಿಸುತ್ತಾನೆ. ಕೇಳಿಲ್ಲ ನನ್ನನ್ನು ಎಂದೂ.
ನನಗೆ ಗೊತ್ತಿತ್ತೇ?
ಅರ್ಧ ಗೊತ್ತಿತ್ತು.
ಉಳಿದರ್ಧ ಕಮಿಷನ್ನು.

ಕಾರ್ಡಿಗೆ ಕಾರ್ಡು ಅದಲು ಬದಲು ಮಾಡಿ
ಮೇಲೆ ಇಪ್ಪತ್ತು ಸೋಲ್ ನಾನೇ ಕೊಟ್ಟೆ.
ಯಾಕೆಂದು ಕೇಳಲಿಲ್ಲ, ಎಣಿಸಿಕೊಂಡ.
ಒಂದನ್ನು ನಾಲ್ಕರ ಡಬ್ಬದೊಳಗಿಟ್ಟು
ಟೇಪು ಕೇಳಿದ. ಅಂಕಿಯ ಮೇಲೆ ಬರದಂತೆ
ಎರಡು ಸಲ ಕಿತ್ತು ಅಂಟಿಸಿದ.

ಅವನು ಇಳಿದ ಮೇಲೆ, ಉಳಿದ ಕಾರ್ಡಿಗೆ
ಚೀಟಿ ಅಂಟಿಸಿ ದಪ್ಪಗೆ ಬರೆದೆ: ನಿಧಾನ.
ಗಾಜಿನ ಕಪಾಟಿನ ಮುಂದಿನ ಸಾಲಿನಲ್ಲೇ ಇದೆ.
ಇವತ್ತಿನವರೆಗೆ ಯಾರೂ ಕೊಂಡಿಲ್ಲ.